ಹಸಿ ಕಸ ನೋಡುತ್ತಿದ್ದ ಓನರಮ್ಮ

ಹೋದ ತಿಂಗಳು ಸವಿತಾ ಫೋನ್ ಮಾಡಿ, "ಅಕ್ಕಾ, ಓನರಮ್ಮ ಹೋಗ್ಬಿಟ್ರು" ಎಂದಾಗ ನಾನು ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ್ದು. ಅಳು ಬಂದದ್ದು ಆಮೇಲೆ. ಒಳಗೆ ಒಂದು ಬಟ್ಟಲು ಹುಳಿ ಇತ್ತು, ಒಂದು ಹಿಡಿ ಅನ್ನ ಇತ್ತು, ಎಂದೋ ಮಾಡಿದ ಎಲೆಕೋಸಿನ ಪಲ್ಯ ಡಬ್ಬಿಯ ತಳದಲ್ಲಿ ಹಳಸಿ ಕೂತಿತ್ತು. ಅದನ್ನು ಕಸದ ಬಕೆಟ್ಟಿಗೆ ಸುರಿಯುವಾಗ ಯಾರೋ ಬೆನ್ನ ಹಿಂದೆ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಗ ಅಳು ಬಂತು.

ಈಗ ನಾವು ಕೆಂಗೇರಿಯ ಫ್ಲಾಟಿನಲ್ಲಿದ್ದೇವೆ. ಅದಕ್ಕೂ ಮೊದಲು ಕುರುಬರಹಳ್ಳಿಯಲ್ಲಿ ಬಾಡಿಗೆಗೆ ಇದ್ದೆವು. ಓನರಮ್ಮ ಎಂದರೆ ಆ ಮನೆಯ ಒಡತಿ. ನೆಲಮಹಡಿಯಲ್ಲಿ ಅವರೊಬ್ಬರೇ, ಮೊದಲ ಮಹಡಿಯಲ್ಲಿ ಎದುರುಬದುರು ಎರಡು ಬಾಡಿಗೆ ಮನೆ. ಒಂದರಲ್ಲಿ ನಾನು, ನಮ್ಮವರು, ನಮ್ಮತ್ತೆ, ಮಗಳು. ಇನ್ನೊಂದರಲ್ಲಿ ಸವಿತಾ, ಅವಳ ಗಂಡ ಮತ್ತು ಅವಳ ಅತ್ತೆ. ಓನರಮ್ಮನ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಅವರ ಬಾಗಿಲ ಮೇಲಿನ ಬೋರ್ಡಿನಲ್ಲಿ ಇದ್ದದ್ದೂ ತೀರಿಹೋದ ಅವರ ಯಜಮಾನರ ಹೆಸರೇ. ಬೀದಿಗೆಲ್ಲ ಅವರು ಓನರಮ್ಮ. ತರಕಾರಿಯವನಿಗೂ ಓನರಮ್ಮ, ಪಕ್ಕದ ಕಟ್ಟಡದ ಓನರಿಗೂ ಓನರಮ್ಮ.

ಬೆಳಿಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಅವರು ಗೇಟಿನ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಕಾಟನ್ ಸೀರೆ, ಅದರ ಮೇಲೆ ಯಜಮಾನರ ಉದ್ದ ತೋಳಿನ ಸ್ವೆಟರು, ಕೈಯಲ್ಲಿ ದಾರ ಹರಿದ ಒಂದು ಷಟಲ್ ಬ್ಯಾಟು. ಆ ಬ್ಯಾಟು ಹಿಂದಿನ ಬಾಡಿಗೆದಾರರು ಯಾರೋ ಬಿಟ್ಟುಹೋದದ್ದು. ಅದರ ಹಿಡಿಯಿಂದ ಹಸಿ ಕಸದ ಬಕೆಟ್ಟಿನ ಮುಚ್ಚಳ ಎತ್ತುವರು, ಬಗ್ಗಿ ನೋಡುವರು, ಮುಚ್ಚುವರು. ತೀರ್ಪು ಆಮೇಲೆ ಬರುತ್ತಿತ್ತು, ಇಡೀ ಬೀದಿಗೆ ಕೇಳಿಸುವಂತೆ.

"ಟೀಚರಮ್ಮ, ನಿನ್ನೆ ಸೌತೆಕಾಯಿ ಹುಳಿ ಮಾಡಿದ್ಯಾ? ಅರ್ಧ ಬಿಸಾಕಿದೀಯಲ್ಲ. ಉಪ್ಪು ಜಾಸ್ತಿ ಆಗಿತ್ತಾ?"

ಆಗಿತ್ತು. ಹತ್ತಿರದ ಶಾಲೆಯಲ್ಲಿ ಸಮಾಜ ಪಾಠ ಮಾಡುವ ನಾನು, ನನ್ನದೇ ಶಾಲೆಯ ಮಕ್ಕಳು ವ್ಯಾನಿನಿಂದ ಇಣುಕಿ ನೋಡುತ್ತಿರುವಾಗ, ಹೌದು ಎಂದು ತಲೆಯಾಡಿಸಬೇಕಾಯಿತು. ಅವತ್ತು ಮೂರನೇ ಪೀರಿಯಡ್ಡಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಉಪ್ಪು ಜಾಸ್ತಿ ಆದ್ರೆ ಆಲೂಗಡ್ಡೆ ಹಾಕ್ಬೇಕಂತೆ, ನಮ್ಮಮ್ಮ ಹೇಳಿದ್ರು" ಎಂದಳು. ಉಪ್ಪಿನ ಸತ್ಯಾಗ್ರಹದ ಪಾಠ ಅಲ್ಲಿಗೆ ಮುಗಿಯಿತು.

ಕಸ ನೋಡಿ ಅವರು ಊಟವನ್ನಷ್ಟೇ ಹೇಳುತ್ತಿರಲಿಲ್ಲ, ಮನೆಯವರ ಆರೋಗ್ಯವನ್ನೂ ಹೇಳುತ್ತಿದ್ದರು. "ನಿಮ್ಮತ್ತೆಗೆ ಹಲ್ಲು ನೋವೈತೆ, ಕ್ಯಾರೆಟ್ ಎಲ್ಲಾ ಆರಿಸಿ ಆರಿಸಿ ಬಿಟ್ಟವ್ರೆ" ಎಂದು ಒಂದು ದಿನ ಹೇಳಿದರು. ನಮ್ಮತ್ತೆ ನಮಗೆ ಆ ವಿಷಯ ಹೇಳೇ ಇರಲಿಲ್ಲ. ಕರೆದುಕೊಂಡು ಹೋದರೆ ದವಡೆ ಹಲ್ಲು ಹುಳುಕಾಗಿತ್ತು. ಇದರಿಂದ ಓನರಮ್ಮನಿಗೆ ತಮ್ಮ ವಿದ್ಯೆಯ ಮೇಲೆ ನಂಬಿಕೆ ಬಲವಾಗಿ, ಸವಿತಾಳ ಬಕೆಟ್ಟಿನಲ್ಲಿ ಮಾವಿನಕಾಯಿಯ ವಾಟೆಗಳನ್ನು ಕಂಡ ದಿನ ಅವಳಿಗೆ ಹೂವು, ಬಳೆ, ಎಲೆ ಅಡಿಕೆ ತಂದುಕೊಟ್ಟು, "ಎಷ್ಟು ತಿಂಗಳು ಕಣಮ್ಮ?" ಎಂದರು. ಸವಿತಾಳ ಅತ್ತೆ ಉಪ್ಪಿನಕಾಯಿ ಹಾಕಿದ್ದರು, ಅಷ್ಟೇ. ಅಷ್ಟರಲ್ಲಿ ಬೀದಿಯ ಅರ್ಧ ಜನ ಬಂದು ಶುಭ ಕೋರಿ ಹೋಗಿದ್ದರು. ತಪ್ಪು ತಿಳಿದ ಮೇಲೂ ಓನರಮ್ಮ ಸೋಲಲಿಲ್ಲ. "ಬಳೆ ಇಟ್ಕೊ, ಆದಾಗ ಹಾಕ್ಕೊ" ಎಂದು ಹೇಳಿ ಇಳಿದು ಹೋದರು.

ಇದನ್ನೆಲ್ಲ ಓದಿದವರು ಅವರನ್ನು ಜಿಪುಣಿ ಎಂದುಕೊಳ್ಳಬಹುದು. ಜಿಪುಣಿಯಲ್ಲ. ಸುತ್ತಮುತ್ತ ಬಾಡಿಗೆ ಏರಿದಾಗಲೂ ನಮ್ಮದು ಇದ್ದಲ್ಲೇ ಇತ್ತು. ನೀರು ಬಾರದ ದಿನ ಅವರ ಸಂಪಿನಿಂದಲೇ ನಮಗೆ ನೀರು. ಅನ್ನ ಕಸಕ್ಕೆ ಹೋಗುವುದೊಂದನ್ನು ಮಾತ್ರ ಅವರು ಸಹಿಸುತ್ತಿರಲಿಲ್ಲ. "ಈ ಮನೆ ಇರೋ ಜಾಗದಲ್ಲೇ ನಮ್ಮತ್ತೆ ರಾಗಿ ಕುಯ್ದವ್ರೆ. ನಿನ್ನ ಅಡುಗೆಮನೆ ಇರೋ ಕಡೆ ಕಣ ಇತ್ತು" ಎಂದು ಒಮ್ಮೆ ಹೇಳಿದರು. ಅದಾದ ಮೇಲೆ ಗ್ಯಾಸ್ ಕಟ್ಟೆಯ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲಲು ನನಗೆ ಯಾಕೋ ಮನಸ್ಸಾಗಲಿಲ್ಲ.

ಬೆಳಿಗ್ಗೆ ತೀರ್ಪು ಕೊಟ್ಟವರು ಸಂಜೆ ಪರಿಹಾರಕ್ಕೂ ಬರುತ್ತಿದ್ದರು. ನಾನು ಶಾಲೆಯಿಂದ ಬಂದು ಕಾಫಿ ಕುಡಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಏದುಸಿರು ಕೇಳಿಸುತ್ತಿತ್ತು. ಬಂದವರೇ ಫ್ರಿಜ್ಜಿನ ಮುಂದೆ ನಿಂತು, "ಏನೇನು ಉಳ್ದದೆ ತೆಗಿ" ಎನ್ನುವರು. ಒಂದೊಂದೇ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುವರು. "ಉಳಿದದ್ದು ಬೇರೆ, ಹಳಸಿದ್ದು ಬೇರೆ ಕಣಮ್ಮ. ಹಳಸಿದ್ದು ಕಸ. ಉಳಿದದ್ದು ನಾಳೆ ಕೆಲ್ಸ ಕಮ್ಮಿ ಮಾಡಕ್ಕೆ ಬಂದಿರೋ ನೆಂಟ." ಹಳಸಿದ್ದನ್ನು ಅವರೇ ತಮ್ಮ ಕೈಯಾರೆ ಬಿಸಾಡುತ್ತಿದ್ದರು, ಮುಖ ಸಪ್ಪಗೆ ಮಾಡಿಕೊಂಡು. ಆಮೇಲೆ, "ಈಗ ಡಬ್ಬಗಳ ಮುಚ್ಚಳ ತೆಗಿ" ಎಂದು ಹೇಳಿ ನನ್ನ ಸಾಮಾನಿನ ಕಪಾಟಿಗೆ ಕೈ ಹಾಕುವರು.

ಅವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇತ್ತು. ಡಾಕ್ಟರು ಅನ್ನ ಬಿಡಿ ಎಂದಿದ್ದರಂತೆ. "ನಾನು ಬಿಡ್ಲಿಲ್ಲ. ಅನ್ನದ್ ತಪ್ಪೇನೂ ಇಲ್ಲ, ಒಂಟಿಯಾಗಿ ತಟ್ಟೆ ತುಂಬ ಕೂತ್ರೆ ಕೆಟ್ಟದ್ದು. ಒಂದು ಹಿಡಿ ಅನ್ನಕ್ಕೆ ಎರಡು ಹಿಡಿ ಕಾಳು, ಸೊಪ್ಪು ಜೊತೆಗೆ ಕೂರ್ಸಿದೀನಿ. ಈಗ ಸುಮ್ನೆ ಅದೆ" ಎನ್ನುತ್ತಿದ್ದರು. ನಿನ್ನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ, ಕೊತ್ತಂಬರಿ ಹೆಚ್ಚಿ ಹಾಕಿ ಕೊಡುತ್ತಿದ್ದರು. ಉಳಿದ ಚಪಾತಿಯನ್ನು ಹರಿದು, ಮೊಳಕೆ ಹೆಸರುಕಾಳಿನ ಜೊತೆ ಒಗ್ಗರಣೆ ಹಾಕುವರು. ಹುಳಿ ಬಂದ ದೋಸೆಹಿಟ್ಟಿಗೆ ನುಗ್ಗೆಸೊಪ್ಪು, ತುರಿದ ಸೋರೆಕಾಯಿ ಸೇರಿಸಿ ಗುಳಿ ಕಾವಲಿಯಲ್ಲಿ ಪಡ್ಡು. ಎಣ್ಣೆ ಮಾತ್ರ ಹನಿ ಲೆಕ್ಕ. ನಾನು ಚಮಚದಲ್ಲಿ ಬಗ್ಗಿಸಿದರೆ ಕೈ ಹಿಡಿಯುತ್ತಿದ್ದರು. ಬಸ್ಸಾರಿನ ವಿಷಯಕ್ಕೆ ಬಂದರೆ ಅವರ ಮನೆಯಲ್ಲಿ ಅದನ್ನು ಮಾಡಿದ ದಿನ ಯಾರೂ ತಿನ್ನುವ ಹಾಗೇ ಇರಲಿಲ್ಲ. ಮಾರನೇ ದಿನಕ್ಕೇ ರುಚಿ ಎಂದು ಇಡುವರು. ಒಮ್ಮೆ ಅವರ ಮಗ ಬಂದು ಬಸ್ಸಾರಿನ ವಾಸನೆ ಹಿಡಿದು ತಟ್ಟೆ ಹಾಕಿಕೊಂಡು ಕೂತರೆ, "ಇವತ್ತು ಉಪ್ಪಿಟ್ಟು ತಿನ್ನು, ನಾಳೆ ಬಾ" ಎಂದು ಕಳಿಸಿದ್ದರು.

ಇಷ್ಟಾದರೂ ದಿನಾ ಬೆಳಿಗ್ಗೆ ಬೀದಿಯ ಮುಂದೆ ಮರ್ಯಾದೆ ಹೋಗುವುದನ್ನು ಯಾರು ತಾನೇ ಸಹಿಸುತ್ತಾರೆ? ನಮ್ಮವರು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಊಟದ ಕ್ಯಾರಿಯರಿನ ಜೊತೆ ಇನ್ನೊಂದು ಡಬ್ಬಿಯಲ್ಲಿ ಉಳಿದದ್ದನ್ನು ಕದ್ದು ಸಾಗಿಸಿ, ಅಲ್ಲಿ ಬಸ್‌ಸ್ಟಾಪಿನ ಹಿಂದೆ ಕಟ್ಟಿರುತ್ತಿದ್ದ ಒಂದು ಹಸುವಿಗೆ ಹಾಕಿ ಬರತೊಡಗಿದರು. ಪುಣ್ಯವೂ ಬಂತು, ಬಕೆಟ್ಟೂ ಹಗುರಾಯಿತು. ಒಂದು ದಿನ ಅಲ್ಲಿಗೆ ಹೋದರೆ ಹಸು ಆಗಲೇ ಏನೋ ಮೇಯುತ್ತಿದೆ. ಎದುರಿಗೆ ಡಬ್ಬಿ ಹಿಡಿದುಕೊಂಡು ಸವಿತಾ. ಅವಳು ಅಲ್ಲೇ ಒಂದು ಗಾರ್ಮೆಂಟ್ಸಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಸು ಚೆನ್ನಾಗಿದೆ" ಎಂದರಂತೆ ನಮ್ಮವರು. "ಹೂಂ ಅಣ್ಣ, ತುಂಬ ಚೆನ್ನಾಗಿದೆ" ಎಂದಳಂತೆ ಅವಳು.

ಹಸುವಿನ ಯಜಮಾನನಿಗೆ ಮಾತ್ರ ಚೆನ್ನಾಗಿ ಕಾಣಲಿಲ್ಲ. "ಸಾರ್, ದಿನಾ ಬಿಸಿಬೇಳೆಬಾತ್ ಹಾಕಿ ಹಾಕಿ ಅದಕ್ಕೆ ಹೊಟ್ಟೆ ಉಬ್ಬರಿಸಿದೆ. ಈಗ ಹುಲ್ಲು ಮುಟ್ತಾ ಇಲ್ಲ" ಎಂದು ಜಗಳಕ್ಕೆ ಬಂದ. ಇತ್ತ ಓನರಮ್ಮನಿಗೂ ಅನುಮಾನ ಬಂದಿತ್ತು. ಎರಡೂ ಮನೆಯ ಬಕೆಟ್ಟು ಎತ್ತಿ ನೋಡಿ, "ಏನಮ್ಮ, ಇಷ್ಟು ಕ್ಲೀನಾಗೈತೆ? ಈರುಳ್ಳಿ ಸಿಪ್ಪೆನೂ ತಿಂತಾ ಇದೀರಾ?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಮ್ಮವರು, "ನಾನು ಯಾವ ಹಸುಗೂ ಏನೂ ಹಾಕಿಲ್ಲ" ಎಂದುಬಿಟ್ಟರು. ಅಲ್ಲಿಗೆ ಸಾಗಾಣಿಕೆ ನಿಂತಿತು. ಬೇರೆ ದಾರಿ ಕಾಣದೆ ನಾವು ನಿಜವಾಗಿಯೂ ಅಳತೆ ಮಾಡಿ ಅಡುಗೆ ಮಾಡಲು ಕಲಿತೆವು, ಉಳಿದದ್ದನ್ನು ಸಂಜೆಗೆ ಏನಾದರೊಂದು ಮಾಡಿ ತಿನ್ನಲೂ ಕಲಿತೆವು. ನಮ್ಮವರ ಹೊಟ್ಟೆ ಇಳಿಯಿತು. ಹಸುವಿನದೂ ಇಳಿದಿರಬೇಕು.

ಇಂಥ ಓನರಮ್ಮ ಒಂದು ಸಂಜೆ ಎರಡೂ ಮನೆಯವರನ್ನು ಕೆಳಗೆ ಕರೆದರು. ಕೈಯಲ್ಲಿ ಬ್ಯಾಟು ಇರಲಿಲ್ಲ. ಅದನ್ನು ನೋಡಿಯೇ ನನಗೆ ಭಯವಾಯಿತು.

"ಮೊಮ್ಮಗಳ ಮದ್ವೆ ಗೊತ್ತಾಗೈತೆ. ಮದ್ವೆ ಆದ್ಮೇಲೆ ಅವ್ರು ಇಲ್ಲೇ ಇರಬೇಕಂತೆ, ಅವಳ್ ಆಫೀಸಿಗೆ ಇಲ್ಲಿಂದ ಹತ್ರ. ಒಂದು ಮನೆ ಬೇಕು. ನನ್ ಮಗ ಅಂತೂ ನಾಳೆನೇ ಖಾಲಿ ಮಾಡ್ಸು ಅಂತಾನೆ. ನಿಮ್ಮಿಬ್ಬರಲ್ಲಿ ಯಾರಿಗೆ ಹೋಗಿ ಅನ್ನಲಿ? ನಂಗೆ ಇಬ್ರೂ ಒಂದೇ."

ನನಗೆ ಶಾಲೆ ನಡೆದು ಹೋಗುವಷ್ಟು ದೂರ, ಮಗಳು ಓದುತ್ತಿದ್ದದ್ದೂ ಅಲ್ಲೇ. ಅತ್ತೆಯ ಮಂಡಿಗೆ ಚೀಟಿ ಬರೆಯುವ ಡಾಕ್ಟರು ಪಕ್ಕದ ಬೀದಿ. ಹೊರಗೆ ಆ ಬಾಡಿಗೆಗೆ ಈಗ ಒಂದು ರೂಮೂ ಸಿಗುತ್ತಿರಲಿಲ್ಲ. ಸವಿತಾಳ ಕಥೆಯೂ ಅದೇ. ಅವಳ ಗಂಡನ ಜೆರಾಕ್ಸ್ ಅಂಗಡಿ ಆಗಷ್ಟೇ ರಾಜಾಜಿನಗರದಲ್ಲಿ ಶುರುವಾಗಿತ್ತು, ಅಡ್ವಾನ್ಸ್ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಜೊತೆಗೆ, ಓನರಮ್ಮನ ಬಳೆಗೆ ಈಗ ನಿಜವಾಗಿಯೂ ಕಾರಣ ಬಂದಿತ್ತು, ಅವಳಿಗೆ ಐದು ತಿಂಗಳು.

"ಅದಕ್ಕೇ ಊಟ ಮಾಡಿ ನೋಡ್ತೀನಿ" ಎಂದರು ಓನರಮ್ಮ. "ಒಂದು ದಿನ ಇವರ ಮನೇಲಿ, ಒಂದು ದಿನ ಅವರ ಮನೇಲಿ. ಅಂಗ್ಡಿಗೆ ಹೋಗಂಗಿಲ್ಲ. ಮನೇಲಿ ಉಳ್ದಿರೋದು, ಡಬ್ಬದಲ್ಲಿ ಇರೋದು, ಅಷ್ಟೇ. ನನ್ ಸಕ್ರೆ ಏರ್ಬಾರ್ದು, ಹೊಟ್ಟೆ ತುಂಬ್ಬೇಕು. ಯಾರ ಊಟ ಚೆನ್ನಾಗಿರುತ್ತೋ ಅವ್ರು ಇರ್ಲಿ."

ಮನೆ ಉಳಿಸಿಕೊಳ್ಳಲು ಕೋರ್ಟಿಗೆ ಹೋದವರನ್ನು ನಾನು ಕಂಡಿದ್ದೇನೆ. ನಾವು ತಂಗಳನ್ನದ ಮೇಲೆ ಮನೆ ಉಳಿಸಿಕೊಳ್ಳಬೇಕಿತ್ತು. ನಮ್ಮವರು ರಾತ್ರಿ ಅಗ್ರಿಮೆಂಟ್ ತೆಗೆದು, ಇದಕ್ಕೆ ಸಂಬಂಧಪಟ್ಟ ಯಾವುದಾದರೂ ಷರತ್ತು ಇದೆಯೇ ಎಂದು ಹುಡುಕಿದರು. ಗೋಡೆಗೆ ಮೊಳೆ ಹೊಡೆಯಬಾರದು ಎಂದಿತ್ತು, ತಂಗಳಿನ ಬಗ್ಗೆ ಏನೂ ಇರಲಿಲ್ಲ.

ಮೊದಲ ಸರದಿ ಸವಿತಾಳದು. ಅವತ್ತು ಸಂಜೆ ನಮ್ಮತ್ತೆ ನಮ್ಮ ಮುಂಬಾಗಿಲಿಗೆ ಕಿವಿ ಹಚ್ಚಿ ನಿಂತರು. ಮಂಡಿ ನೋವು ಎಂದು ದೇವಸ್ಥಾನಕ್ಕೆ ಬಾರದವರು ಅಷ್ಟು ಹೊತ್ತು ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೊನೆಗೆ ಮುಖ ಬಾಡಿಸಿಕೊಂಡು ಒಳಗೆ ಬಂದರು. "ತೇಗಿದ್ರು ಕಣೇ. ಚೆನ್ನಾಗೇ ತೇಗಿದ್ರು."

ಎರಡು ದಿನ ಬಿಟ್ಟು ಬೆಳಿಗ್ಗೆ ನಮ್ಮ ಬಕೆಟ್ಟನ್ನು ಎತ್ತಿ ನೋಡಿದ ಓನರಮ್ಮ, "ಇವತ್ತು ಸಂಜೆ ನಿಮ್ಮನೇಲಿ" ಎಂದರು. ಭಾನುವಾರ, ರಜೆ. ನಾನು ಮೇಲೆ ಬಂದು ಫ್ರಿಜ್ ತೆಗೆದೆ. ಅರ್ಧ ನಿಂಬೆಹಣ್ಣು, ಕೊತ್ತಂಬರಿ ದಂಟು, ತಳ ಕಂಡ ಮೊಸರಿನ ಪಾತ್ರೆ. ಅಷ್ಟೇ. ಬಕೆಟ್ಟಿನ ಭಯಕ್ಕೆ ನಾವು ಎಷ್ಟು ಚೆನ್ನಾಗಿ ಅಳತೆ ಕಲಿತಿದ್ದೆವೆಂದರೆ ಹಿಂದಿನ ದಿನದ್ದು ಒಂದು ಅಗುಳೂ ಉಳಿದಿರಲಿಲ್ಲ. ಡಬ್ಬಗಳಲ್ಲಿ ರಾಗಿಹಿಟ್ಟು, ಹುರುಳಿಕಾಳು, ಹೆಸರುಬೇಳೆ ಎಲ್ಲ ಇತ್ತು. ಆದರೆ ಉಳಿದದ್ದರ ಊಟ ಕೇಳಿದವರಿಗೆ ಉಳಿದದ್ದೇ ಇಲ್ಲ.

"ಈಗ್ಲೇ ಅನ್ನ ಮಾಡಿ ಇಟ್ಬಿಡು. ಸಂಜೆ ಹೊತ್ಗೆ ಉಳಿದಿರುತ್ತಲ್ಲ" ಎಂದರು ಅತ್ತೆ.

"ಉಳೀಲಿ ಅಂತಲೇ ಮಾಡಿದ್ದು ಉಳಿದದ್ದು ಹೇಗಾಗುತ್ತಮ್ಮ?" ಎಂದರು ನಮ್ಮವರು. "ಮೊದ್ಲು ಸ್ವಲ್ಪ ತಿನ್ನಬೇಕು. ತಿಂದು ಮಿಕ್ಕಿದ್ದು ತಾನೆ ಉಳಿದದ್ದು?"

ಇದು ಸರಿ ಕಂಡಿತು. ಬೆಳಿಗ್ಗೆ ದೋಸೆ ತಿಂದ ಹೊಟ್ಟೆಗೆ ನಾವೆಲ್ಲ ಮತ್ತೆ ಎರಡೆರಡು ತುತ್ತು ಬಿಸಿ ಅನ್ನ ತಿಂದೆವು, ಮಿಕ್ಕಿದ್ದು ನ್ಯಾಯವಾಗಿ ಮಿಕ್ಕಲಿ ಎಂದು. ಆದರೂ ಅನ್ನ ನೋಡಲು ಹೊಸದಾಗಿಯೇ ಇತ್ತು, ಹೊಗೆಯಾಡುತ್ತಿತ್ತು. ತಟ್ಟೆಗೆ ಹರವಿ ನಡುಮನೆಯ ಫ್ಯಾನಿನ ಕೆಳಗೆ ಇಟ್ಟೆವು. ಫ್ಯಾನು ಐದರಲ್ಲಿ ತಿರುಗಿತು. ಅತ್ತೆ ಪಕ್ಕದಲ್ಲಿ ಕೂತು, ಅನ್ನ ಹಾರಿ ಹೋಗದಂತೆ ಕಾದರು.

ಅಷ್ಟರಿಂದ ಸಮಾಧಾನವಾಗದೆ ನಮ್ಮವರು ಸರ್ಕಲಿನ ದರ್ಶಿನಿಗೆ ಹೋದರು. ಅಂಗಡಿಗೆ ಹೋಗಬಾರದು ಎಂಬುದು ನಿಯಮ, ಆದರೆ ದರ್ಶಿನಿ ಅಂಗಡಿಯಲ್ಲ, ಹೋಟೆಲ್ಲು ಎನ್ನುವುದು ಅವರ ವಾದ. ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ತಗ್ಗಿದ ದನಿಯಲ್ಲಿ, "ನಿನ್ನೇದು ಏನಾದ್ರೂ ಇದ್ಯಾ?" ಎಂದು ಕೇಳಿದರಂತೆ. ಅವನ ಮುಖ ಬಿಳುಚಿಕೊಂಡಿತಂತೆ. "ಸಾರ್, ನಮ್ಮಲ್ಲಿ ನಿನ್ನೇದು ಇಡೋದೇ ಇಲ್ಲ. ಬೇಕಾದ್ರೆ ಒಳಗೆ ಬಂದು ನೋಡಿ." ಇವರನ್ನು ಕಾರ್ಪೊರೇಷನ್ನಿನ ಆಹಾರ ತಪಾಸಣೆಯವರು ಎಂದು ತಿಳಿದು ಅಡುಗೆಮನೆಯನ್ನೆಲ್ಲ ತೋರಿಸಿ, ಕಾಫಿ ಕುಡಿಸಿ, ಬಿಸಿ ಇಡ್ಲಿ ಕಟ್ಟಿಕೊಟ್ಟು ಕಳಿಸಿದ. ಮನೆಗೆ ಬಂದಾಗ ಇಡ್ಲಿಯ ಪೊಟ್ಟಣ ಕೈ ಸುಡುತ್ತಿತ್ತು. ಅದನ್ನೂ ಫ್ಯಾನಿನ ಕೆಳಗೆ ಇಡೋಣವೇ ಎಂದರು. ನನಗೆ ತಲೆ ಕೆಟ್ಟು, "ತಿಂದು ಹಾಕಿ ಅತ್ಲಾಗೆ" ಎಂದೆ.

ಮಧ್ಯಾಹ್ನ ನಾನು ನಡುಮನೆಯ ನೆಲದ ಮೇಲೆ ಕೂತುಬಿಟ್ಟೆ. ಮನೆ ಹೋಯಿತು ಎಂದೇ ಅನ್ನಿಸಿತು. ಆಗ ತೆರೆದ ಬಾಗಿಲನ್ನು ತಟ್ಟಿದ ಸದ್ದಾಯಿತು. ಸವಿತಾ ಎರಡು ಬಟ್ಟಲು ಹಿಡಿದು ನಿಂತಿದ್ದಳು. ಒಂದರಲ್ಲಿ ಬೀನ್ಸ್ ಪಲ್ಯ, ಇನ್ನೊಂದರಲ್ಲಿ ಹುಳಿ.

"ಅಕ್ಕಾ, ನಿನ್ನೆ ನಮ್ಮನೇಲಿ ಉಳೀತು. ತಗೊಳ್ಳಿ."

"ನಿಂಗೇನು ಬುದ್ಧಿ ಕೆಟ್ಟಿದೆಯೇನೆ? ನಮ್ಮ ಊಟ ಚೆನ್ನಾಗಾದ್ರೆ ನೀವು ಖಾಲಿ ಮಾಡ್ಬೇಕು. ಗೊತ್ತು ತಾನೆ?"

"ಗೊತ್ತಕ್ಕ. ಬೆಳಿಗ್ಗೆಯಿಂದ ಬಾಗಿಲು ತೆಗೆದೇ ಇದೆಯಲ್ಲ ನಿಮ್ದು. ಆಂಟಿ ಅನ್ನ ಕಾಯ್ಕೊಂಡು ಫ್ಯಾನ್ ಕೆಳಗೆ ಕೂತಿದಾರೆ. ನನ್ ಕೈಲಿ ನೋಡಕ್ಕಾಗ್ಲಿಲ್ಲ." ಅವಳು ಬಟ್ಟಲುಗಳನ್ನು ಮುಂದೆ ಚಾಚಿದಳು. "ಅಲ್ದೆ ಮೊನ್ನೆ ನಮ್ಮನೇಲಿ ಓನರಮ್ಮ ತೇಗಿದ್ದು ಆಂಟಿ ಕೊಟ್ಟ ಹುಚ್ಚೆಳ್ಳು ಪುಡಿಗೆ."

ನಾನು ಅತ್ತೆಯ ಕಡೆ ತಿರುಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅತ್ತೆ ಅನ್ನದ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಬಸುರಿ ಹೆಂಗಸು ಬಂದು, ಊಟ ಸಪ್ಪೆ ಆಗಿದೆ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ಕೊಡದೆ ಏನ್ ಮಾಡ್ಲಿ? ಪುಡಿ ತಾನೆ" ಎಂದರು.

ಬಟ್ಟಲು ತೆಗೆದುಕೊಂಡೆ. ತನ್ನ ಮನೆ ಹೋಗುತ್ತದೆ ಎಂದು ಗೊತ್ತಿದ್ದೂ ಊಟ ತಂದುಕೊಟ್ಟ ಹುಡುಗಿಗೆ, "ಒಳಗೆ ಬಾ, ಇಡ್ಲಿ ಇನ್ನೂ ಇದೆ, ತಿನ್ನು" ಎಂದೆ. ತಿಂದಳು.

ಸಂಜೆಯ ಅಡುಗೆ ಹೀಗಾಯಿತು. ಆರಿದ ಅನ್ನವನ್ನು ಕಿವುಚಿ ರಾಗಿಹಿಟ್ಟಿಗೆ ಕಲಸಿ, ಬೀನ್ಸ್ ಪಲ್ಯ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ದಂಟು ಸೇರಿಸಿ ಕಾವಲಿಯ ಮೇಲೆ ತೆಳ್ಳಗೆ ರೊಟ್ಟಿ ತಟ್ಟಿದೆ. ಹುರುಳಿಕಾಳು ಹುರಿದು ಬೇಯಿಸಿ, ಅದಕ್ಕೆ ಸವಿತಾಳ ಹುಳಿ ಬೆರೆಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ತಳದ ಮೊಸರನ್ನು ಕಡೆದು ನಿಂಬೆಸಿಪ್ಪೆ ಉಜ್ಜಿ ಮಜ್ಜಿಗೆ ಮಾಡಿದೆ. ಎಣ್ಣೆ ಹನಿ ಲೆಕ್ಕ. ನನ್ನ ಮದುವೆಯ ದಿನವೂ ನಾನು ಅಷ್ಟು ದೇವರನ್ನು ಬೇಡಿಕೊಂಡಿರಲಿಲ್ಲ.

ಓನರಮ್ಮ ಕೂತರು. ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು.

"ಅನ್ನ ಇವತ್ತಿಂದು. ಫ್ಯಾನ್ ಗಾಳಿ ರುಚಿ ಬರ್ತಾ ಐತೆ."

ನಮ್ಮವರು ಎದ್ದು ಯಾಕೋ ಫ್ಯಾನು ಆರಿಸಿದರು.

"ಬೀನ್ಸ್ ನಿಮ್ಮನೇದಲ್ಲ. ನೀನು ಉದ್ದುದ್ದ ಹೆಚ್ತೀಯ, ತೊಟ್ಟು ದಪ್ಪ ಬಿಡ್ತೀಯ, ದಿನಾ ನೋಡ್ತೀನಿ. ಇದು ಸಣ್ಣಕ್ಕೆ ಹೆಚ್ಚಿರೋದು. ಹುಳಿಗೆ ಬೆಲ್ಲ ಬಿದ್ದದೆ. ನೀನು ಹಾಕಲ್ಲ." ಕಣ್ಣು ತೆರೆದು ಎದುರು ಮನೆಯ ಬಾಗಿಲಿನ ಕಡೆ ಕೂಗಿದರು. "ಸವಿತಾ, ಬಾ ಇಲ್ಲಿ."

ಸವಿತಾ ಬಾಗಿಲ ಹಿಂದೆಯೇ ನಿಂತಿದ್ದಳೆಂದು ಕಾಣುತ್ತದೆ, ಕೂಡಲೇ ಬಂದಳು.

"ಮೊನ್ನೆ ನಿನ್ ಮನೇಲಿ ಇವ್ರತ್ತೆ ಪುಡಿ ತಿಂದೆ. ಇವತ್ತು ಇವ್ರ ಮನೇಲಿ ನಿನ್ ಪಲ್ಯ ತಿಂತಿದೀನಿ. ಇಬ್ರೂ ನಂಗೆ ಮೋಸ ಮಾಡಿದೀರ. ಇಬ್ರೂ ಫೇಲು."

ಅತ್ತೆ ಮಂಡಿ ಹಿಡಿದುಕೊಂಡು ಒಳಗೆ ಹೋದರು. ಫೇಲು ಎಂದರೆ ಏನು, ಯಾರು ಹೋಗಬೇಕು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಓನರಮ್ಮ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಸಾರು ಸುರಿದುಕೊಂಡು ಕುಡಿದರು, ಕೈ ತೊಳೆದು ಇಳಿದು ಹೋದರು. ತೇಗಲಿಲ್ಲ.

ಆ ವಾರ ಎರಡೂ ಮನೆಯಲ್ಲಿ ಸಾವಿನ ಸೂತಕದಂತೆ ಇತ್ತು. ನಮ್ಮವರು ವಿಜಯನಗರದಲ್ಲಿ ಮನೆ ನೋಡಲು ಹೋಗಿ ಬಾಡಿಗೆ ಕೇಳಿ ವಾಪಸ್ ಬಂದರು. ಸವಿತಾಳ ಗಂಡ ಕಾಮಾಕ್ಷಿಪಾಳ್ಯದಲ್ಲಿ ನೋಡಿ ಬಂದ. ಇಬ್ಬರೂ ಮೆಟ್ಟಿಲ ಮೇಲೆ ಎದುರಾದಾಗ, ನೀವೇ ಇರಿ, ಇಲ್ಲ ನೀವೇ ಇರಿ ಎಂದು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ ಮಾತಾಡಿಕೊಂಡರಂತೆ. ಬೆಳಿಗ್ಗೆ ಓನರಮ್ಮ ಎಂದಿನಂತೆ ಬಕೆಟ್ಟು ನೋಡಿದರು, ಆದರೆ ಏನೂ ಹೇಳಲಿಲ್ಲ.

ಮುಂದಿನ ಭಾನುವಾರ ಅವರು ಕೆಳಗಿನಿಂದ ಕೂಗಿದರು. "ಗಂಡಸ್ರು ಇಬ್ರೂ ಬನ್ನಿ, ಒಂದು ಮಂಚ ಎತ್ಬೇಕು."

"ಯಾರ ಮಂಚ ಓನರಮ್ಮ?" ಎಂದ ಸವಿತಾಳ ಗಂಡ, ಬೆವೆತು.

"ನಂದು. ಮೇಲ್ಗಡೆ ತಾರಸಿ ರೂಮಿಗೆ."

ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ರ‍ೂಮಿತ್ತು. ಹಳೇ ಸೈಕಲ್ಲು, ಒಡೆದ ಕಮೋಡು, ಗೋಣಿಚೀಲ ಇಡುತ್ತಿದ್ದ ಜಾಗ. ಅದನ್ನು ಆಗಲೇ ಯಾರನ್ನೋ ಕರೆಸಿ ಚೊಕ್ಕ ಮಾಡಿಸಿದ್ದರು. ಕೆಳಗಿನ ಮನೆ ಮೊಮ್ಮಗಳಿಗೆ. ಫೋನಿನಲ್ಲಿ ಅವರ ಮಗ ಕೂಗಾಡುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು. ಸ್ವಂತ ಮನೆಯ ಓನರು ಬಾಡಿಗೆಯವರಿಗೋಸ್ಕರ ಶೀಟಿನ ರೂಮಿಗೆ ಹೋಗುವುದನ್ನು ಊರಲ್ಲಿ ಯಾರಾದರೂ ಕಂಡಿದ್ದಾರಾ, ನಿನಗೆ ಅರಳುಮರಳಾ ಎಂದೆಲ್ಲ ಕೇಳುತ್ತಿದ್ದರು. ಓನರಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು, ಅವರು ಸುಸ್ತಾಗುವವರೆಗೆ ಕಾದು, ಸೆರಗಿಗೆ ಒರೆಸಿ ಇಟ್ಟರು.

ಮಂಚ ಮೊದಲ ಮಹಡಿಯ ತಿರುವಿನಲ್ಲಿ, ಸರಿಯಾಗಿ ನಮ್ಮ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ಗಂಡಸರು ಇಬ್ಬರೂ ಎರಡು ತುದಿ ಹಿಡಿದು ಒಬ್ಬರಿಗೊಬ್ಬರು ಬುದ್ಧಿ ಹೇಳತೊಡಗಿದರು. ಓನರಮ್ಮ ಏದುಸಿರು ಬಿಡುತ್ತ ಹತ್ತಿ ಬಂದು, ಸಿಕ್ಕಿಕೊಂಡ ಮಂಚದ ಅಂಚಿನ ಮೇಲೇ ಕೂತರು. ನಾನು ಅವರ ಕೈ ಹಿಡಿದುಕೊಂಡೆ.

"ಬೇಡಿ ಓನರಮ್ಮ. ಮೇಲೆ ಬಿಸಿಲು, ಶೀಟು ಕಾಯುತ್ತೆ. ಈ ಮೆಟ್ಟಿಲು ಬೇರೆ. ನಾವೇ ಹೋಗ್ತೀವಿ" ಎಂದೆ. ಆ ಕ್ಷಣ ಅದನ್ನು ಮನಸಾರೆ ಹೇಳಿದೆ.

"ಸುಮ್ನಿರು ಟೀಚರಮ್ಮ. ನಾನೂ ಕೂತು ಯೋಚ್ನೆ ಮಾಡಿದೀನಿ. ನೀನು ಹೋದ್ರೆ ಇವಳ ಊಟ ಸಪ್ಪೆ. ಇವಳು ಹೋದ್ರೆ ನೀನು ಫ್ಯಾನ್ ಹಾಕ್ಕೊಂಡು ಕೂರ್ತೀಯ. ಒಬ್ರನ್ನ ಕಳ್ಸಿದ್ರೆ ಇನ್ನೊಬ್ರ ಊಟ ಕೆಡ್ತದೆ. ನಾನು ಒಬ್ಳೇ ಇರೋಳು. ನನ್ನ ಕಳ್ಸಿದ್ರೆ ಯಾರ ಊಟಾನೂ ಕೆಡಲ್ಲ."

ಅಷ್ಟು ವರ್ಷ ನಮ್ಮೆಲ್ಲರ ತಟ್ಟೆ ನೋಡಿದ ಹೆಂಗಸು, ತನ್ನ ಎದುರಿಗೆ ಯಾರೂ ತಟ್ಟೆ ಹಾಕಿಕೊಂಡು ಕೂರುವುದಿಲ್ಲ ಎಂಬುದನ್ನು ಹಾಲಿನ ಲೆಕ್ಕ ಹೇಳಿದಷ್ಟು ಸಲೀಸಾಗಿ ಹೇಳಿದ್ದರು. ಸವಿತಾ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನಮ್ಮವರು ಮಂಚ ಬಿಟ್ಟು ಕೆಳಗಿಳಿಯಲು ನೋಡಿದರು.

"ಎಲ್ಲಿಗಪ್ಪಾ?"

"ಗ್ಯಾಸ್ ಸ್ಟೋವ್ ತರಕ್ಕೆ."

"ಅದು ಕೆಳಗೇ ಇರ್ಲಿ, ಮೊಮ್ಮಗಳಿಗೆ. ಮೇಲ್ಗಡೆ ಒಲೆ ಇಡಕ್ಕೆ ಜಾಗ ಇಲ್ಲ. ನಂಗೇನು ಮಹಾ, ಎಲ್ಲೋ ಒಂದು ತುತ್ತು ಉಳ್ದಿರುತ್ತೆ."

"ನಮ್ಮನೇಲಿ ಉಳಿದಿದೆ" ಎಂದೆ ನಾನು. ಏನೂ ಉಳಿದಿರಲಿಲ್ಲ.

"ಇಲ್ಲ ಅಕ್ಕ, ಇವತ್ತು ನಮ್ಮನೇಲಿ ಜಾಸ್ತಿ ಉಳಿದಿದೆ" ಎಂದಳು ಸವಿತಾ, ಮೂಗು ಒರೆಸಿಕೊಂಡು. ಅವಳ ಮನೆಯಲ್ಲಿ ಇನ್ನೂ ಒಲೆಯೇ ಹೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಸಿಕ್ಕಿಕೊಂಡ ಮಂಚದ ಮೇಲೆ ಓನರಮ್ಮನನ್ನು ಕೂರಿಸಿಕೊಂಡು, ಅವತ್ತಿನ ಊಟ ಯಾರ ಮನೆಯಲ್ಲಿ ಎಂದು ನಾವಿಬ್ಬರೂ ಬೀದಿಗೆ ಕೇಳಿಸುವಂತೆ ಜಗಳವಾಡಿದೆವು.